ಅಳತೆ ಸರಿ ಇದೆ, ಒತ್ತಕ್ಷರ ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಎಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ನಮ್ಮಂಥ ಡಿಸೈನರ್‌ಗಳಿಗೂ ಫ್ಲೆಕ್ಸ್ ಅಂಗಡಿಗಳಿಗೂ ಕೈತುಂಬ ಕೆಲಸ ಬಂತು. ಆ ಕೆಲಸ ಹೇಗೆ ನಡೆದಿದೆ ಎಂದು ಹೇಳಲು ಈ ಪತ್ರ.

ಕಳೆದ ತಿಂಗಳು ಬಾಗಲಕೋಟೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತ ಕೂತಿದ್ದೆ. ಬಟ್ಟೆ ವ್ಯಾಪಾರಿಯೊಬ್ಬರ ಬೋರ್ಡು ತಯಾರಾಗುತ್ತಿತ್ತು. ಆಪರೇಟರ್ ಹುಡುಗ ಇಂಗ್ಲಿಷ್ ಸಾಲನ್ನು ಮುಟ್ಟಲೇ ಇಲ್ಲ. ಕನ್ನಡದ ಸಾಲನ್ನು ಮಾತ್ರ ಮೌಸ್‌ನಿಂದ ಹಿಡಿದು ಎಡಕ್ಕೂ ಬಲಕ್ಕೂ ಎಳೆದ. ‘ಭಂಡಾರ’ದ ದುಂಡು ಸೊನ್ನೆ ಕೋಳಿಮೊಟ್ಟೆಯಾಯಿತು. ತಲೆಕಟ್ಟು ಒಂದು ದಪ್ಪ, ಕೆಳಗಿನ ಸುಳಿ ಇನ್ನೊಂದು ದಪ್ಪ. “60 ಪರ್ಸೆಂಟ್ ಆತ್ ನೋಡ್ರಿ ಅಕ್ಕಾರ” ಎಂದು ನನ್ನ ಕಡೆ ತಿರುಗಿ ನಕ್ಕ. ಎಂಟು ದಿನ ಬಿಟ್ಟು ಆ ದಾರಿಯಲ್ಲಿ ಹೋದರೆ ಬೋರ್ಡು ಅಂಗಡಿ ಮೇಲೆ ಕೂತಿತ್ತು. ‘ವಸ್ತ್ರ’ದ ಒತ್ತುಗಳೆರಡೂ ಅಲ್ಯೂಮಿನಿಯಂ ಫ್ರೇಮಿನ ಹಿಂದೆ ಹೋಗಿ, ರಸ್ತೆಯಿಂದ ಓದಿದರೆ ‘ವಸ ಭಂಡಾರ’. ಟೇಪು ಹಿಡಿದು ಅಳೆದರೆ ಕಾಯ್ದೆ ಪ್ರಕಾರ ಎಲ್ಲ ಸರಿ!

ಹುಡುಗನನ್ನು ಬೈಯುವ ಯೋಗ್ಯತೆ ನನಗಿಲ್ಲ. ನಾನು ಈ ಕಸುಬಿಗೆ ಬಂದ ಹೊಸದರಲ್ಲಿ ಒಂದು ಲಗ್ನಪತ್ರಿಕೆ ಮಾಡಿದ್ದೆ. ಮದುಮಗಳ ಹೆಸರು ಕೀರ್ತಿ. ಅವರು ಮೊಬೈಲಿನಲ್ಲಿ ಕಳಿಸಿದ ಮ್ಯಾಟರ್ ಯೂನಿಕೋಡ್, ಅಂದರೆ ಈಗ ಎಲ್ಲ ಮೊಬೈಲು, ಕಂಪ್ಯೂಟರುಗಳೂ ಒಪ್ಪುವ ಅಕ್ಷರ ಸಂಕೇತ; ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಹಳೆಯ ಡಿಟಿಪಿ ಫಾಂಟು. ಆ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬಂದು ಕೂರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಮೊದಲು ಬರುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಅರ್ಕಾವತ್ತು ಎಲ್ಲೋ ಉದುರಿತು. ಪ್ರೂಫ್ ನೋಡದೆ ಪ್ಲೇಟ್ ಮಾಡಿಸಿದ ತಪ್ಪು ನನ್ನದೇ. 500 ಕಾರ್ಡು, ಎಲ್ಲದರಲ್ಲೂ ‘ಚಿ. ಸೌ. ಕೀತಿ’. ಹುಡುಗಿಯ ತಂದೆ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, “ಲಗ್ನಕ್ಕ ಮೊದಲಽ ನನ್ನ ಮಗಳ ಕೀರ್ತಿ ಕಳದ್ರಲ್ರಿ” ಅಂದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಿ ಕೊಟ್ಟೆ.

ಕೆಟ್ಟ ಆ 500 ಕಾರ್ಡುಗಳನ್ನು ರದ್ದಿಗೆ ಹಾಕಲು ಮನಸ್ಸಾಗಲಿಲ್ಲ. ಒಳ್ಳೆಯ ದಪ್ಪ ಕಾಗದ, ಹಿಂಬದಿ ಖಾಲಿ. ಅದರ ಮೇಲೆ ದಿನಕ್ಕೊಂದು ಒತ್ತಕ್ಷರ ಬಿಡಿಸತೊಡಗಿದೆ. ಗಿರಾಕಿ ಇಲ್ಲ, ಬಿಲ್ಲಿಲ್ಲ. ನನ್ನ ಸ್ವಂತದ ಕೆಲಸ ಅಂತ ಏನಾದರೂ ಇದ್ದರೆ ಆ ಕಾರ್ಡುಗಳ ಕಟ್ಟು. ‘ಸ್ತ್ರೀ’ ಒಂದಕ್ಕೇ ಹನ್ನೊಂದು ಕಾರ್ಡು ಹೋದವು.

ಅದಕ್ಕೂ ಮೊದಲು, ವಿದ್ಯಾರ್ಥಿನಿಯಾಗಿದ್ದಾಗ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ಅಕ್ಷರಗಳನ್ನು ಆರಿಸಿಕೊಂಡಿದ್ದೆ. ಸುಮಾರು 700ರ ಕಾಲದ್ದು, ಬಂಡೆಯ ಮೇಲೆ ಹತ್ತು ಸಾಲು. “ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ” ಎಂಬ ತ್ರಿಪದಿಯನ್ನು ಶಾಲೆಯಲ್ಲಿ ಓದಿದವರೆಲ್ಲ ಬಲ್ಲರು, ಅಕ್ಷರ ಹೇಗಿವೆ ಎಂದು ನೋಡಿದವರು ಕಡಿಮೆ. ನಡುಹಗಲಿನ ಫೋಟೊದಲ್ಲಿ ಬರಿ ಕೆಂಪು ಕಲ್ಲು ಕಾಣುತ್ತದೆ. ಬಿಸಿಲು ಓರೆಯಾದಾಗ ಒಂದೊಂದು ಗೀರಿನೊಳಗೂ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಕಲ್ಲು ಕೆತ್ತಿದವನು ಒತ್ತಿಗೆ ಸಾಲಿನ ನಡುವೆ ಜಾಗ ಬಿಟ್ಟುಕೊಂಡೇ ಕೆತ್ತಿದ್ದ. ಆ ಫೋಟೊಗಳ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಮೂಲಾಕ್ಷರಗಳನ್ನಷ್ಟೇ ಬಿಡಿಸಿ ಮುಗಿಸುವಷ್ಟರಲ್ಲಿ ಸೆಮಿಸ್ಟರ್ ಮುಗಿದಿತ್ತು. 34 ವ್ಯಂಜನ, ಪ್ರತಿಯೊಂದಕ್ಕೂ ಒಂದು ಒತ್ತು, ಆಮೇಲೆ ಕಾಗುಣಿತ. ಇಂಗ್ಲಿಷಿನ 26 ಅಕ್ಷರ ಆರಿಸಿಕೊಂಡ ಗೆಳತಿಯರು ಲೋಗೊ, ವಿಸಿಟಿಂಗ್ ಕಾರ್ಡು, ಟೀ ಶರ್ಟು ಎಲ್ಲ ಮಾಡಿ ಗೋಡೆಗೆ ಹಚ್ಚಿದ್ದರು. ಪರೀಕ್ಷೆಗೆ ಬಂದವರು ನನ್ನ ಹಾಳೆ ನೋಡಿ, ಇದಕ್ಕೆ ಮಾರ್ಕೆಟ್ ಎಲ್ಲಿದೆ ಎಂದು ಕೇಳಿದರು. ನಾಲ್ಕು ವರ್ಷದ ಆ ಕೋರ್ಸಿನಲ್ಲಿ ಕನ್ನಡ ಅಕ್ಷರದ ಬಗ್ಗೆ ಒಂದು ಪಾಠವೂ ಇರಲಿಲ್ಲ.

ಪಾಠ ಸಿಕ್ಕಿದ್ದು ನಮ್ಮ ಓಣಿಯ ಪೇಂಟರ್ ಕಾಕಾ ಅವರಿಂದ. ಗೋಡೆ ಮೇಲೆ ಬರೆಯುವ ಮೊದಲು ಅವರು ಸುಣ್ಣ ಹಚ್ಚಿದ ದಾರ ಎಳೆದು ಪಟ್ಟನೆ ಬಿಡುತ್ತಿದ್ದರು. ಇಂಗ್ಲಿಷಿಗೆ ಎರಡು ಗೆರೆ, ಕನ್ನಡಕ್ಕೆ ಮೂರು. ಮೂರನೆಯದು ಯಾಕೆ ಎಂದು ಕೇಳಿದರೆ, “ಮೊದಲ ಒತ್ತಿಗೆ ಜಾಗಾ ಬಿಡಬೇಕವಾ, ಆಮ್ಯಾಲೆ ಅಕ್ಷರ” ಅಂದರು. ನಾನು ಇವತ್ತಿಗೂ ಬಿಲ್‌ಬುಕ್ ಇರಲಿ, ಬೀಜದ ಚೀಲ ಇರಲಿ, ಮೊದಲು ಎಳೆಯುವುದು ಆ ಮೂರನೇ ಗೆರೆ. ಫಾಂಟಿಗೆ ದುಡ್ಡಿಲ್ಲ ಎಂಬ ನೆಪವೂ ಈಗ ನಡೆಯುವುದಿಲ್ಲ. ‘ಬಾಲೂ ತಮ್ಮ’, ‘ನೋಟೊ ಕನ್ನಡ’ದಂಥ ಒಳ್ಳೆಯ ಯೂನಿಕೋಡ್ ಫಾಂಟುಗಳು ಪುಕ್ಕಟೆ ಸಿಗುತ್ತವೆ.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ನಾಟಕ ಕಂಪನಿಗಳು ಬಂದು ತಿಂಗಳುಗಟ್ಟಲೆ ಟೆಂಟ್ ಹಾಕುತ್ತವಲ್ಲ, ಅವುಗಳ ಪೋಸ್ಟರಿನ ಅಕ್ಷರಗಳನ್ನು ನೋಡಿದ್ದೀರಾ? ಮೊಳದುದ್ದದ ಬಾಲ, ಕಮಾನಿನಂತೆ ಬಾಗಿದ ಸಾಲು, ಆದರೆ ಒಂದು ಒತ್ತೂ ಕಳೆದಿರುವುದಿಲ್ಲ. ಮೈದಾ ಅಂಟಿನಲ್ಲಿ ಹಚ್ಚಿದ್ದನ್ನು ಗೋಡೆಯಿಂದ ನೀರು ಹಾಕಿ ಬಿಡಿಸಿ ಹದಿನೇಳು ಪೋಸ್ಟರ್ ಕೂಡಿಟ್ಟಿದ್ದೇನೆ, ಅರ್ಧಕ್ಕರ್ಧ ಹರಿದವು. ಜಾತ್ರೆ ಮುಗಿದ ಮೇಲೆ ಉಳಿದವು ದನಗಳ ಪಾಲು. ಮುಂದಿನ ಜಾತ್ರೆಯಿಂದಾದರೂ ಪ್ರತಿ ನಾಟಕದ ಒಂದೊಂದು ಪೋಸ್ಟರನ್ನು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ತೆಗೆದಿಡಲಿ. ಮಾರ್ಕೆಟ್ ಎಲ್ಲಿದೆ ಎಂದು ಕೇಳುವವರಿಗೆ ತೋರಿಸಲು ಬೇಕಾಗುತ್ತದೆ.

ಬೋರ್ಡಿನ ವಿಷಯಕ್ಕೆ ನನ್ನ ಕೋರಿಕೆ ಸಣ್ಣದು. ನಗರಸಭೆಯವರು ಅಳತೆಗೆ ಬಂದಾಗ ರಸ್ತೆಯ ಆಚೆ ಬದಿಗೆ ನಿಂತು ಒಮ್ಮೆ ಗಟ್ಟಿಯಾಗಿ ಓದಲಿ. ‘ವಸ ಭಂಡಾರ’ ಅಂತ ಬಾಯಿಗೆ ಬಂದರೆ ಫೇಲು.

ಆ ಬಟ್ಟೆ ಅಂಗಡಿಯ ಬೋರ್ಡನ್ನು ಪುಕ್ಕಟೆ ಬರೆದು ಕೊಡುತ್ತೇನೆ ಎಂದು ಹೇಳಿ ಬಂದಿದ್ದೇನೆ. ದೀಪಾವಳಿ ವ್ಯಾಪಾರ ಮುಗಿಯಲಿ, ನೋಡೋಣ ಅಂದಿದ್ದಾರೆ ಮಾಲೀಕರು.

— ಒಬ್ಬ ಡಿಸೈನರ್, ನವನಗರ, ಬಾಗಲಕೋಟೆ