ಕಾರ್ಡು ತೋರಿಸೋಕೆ ಹೆದರಬೇಡ ಪುಟ್ಟಿ

ಪುಟ್ಟಿ,

ನಿನ್ನ ಪತ್ರ ಮೂರು ಸಲ ಓದಿದೆ. ಅಮ್ಮನ ಮಂಡಿ ನೋವು, ತಮ್ಮನ ಫೀಸು, ರೂಮಿನ ಬಾಡಿಗೆ, ಅದೆಲ್ಲಾ ನಮಗೆ ಗೊತ್ತಿರೋದೇ. ಫೋನಿನಲ್ಲಿ ಮಾತಾಡೋಣ. ನನ್ನ ನಿದ್ದೆ ಕೆಡಿಸಿದ್ದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಆ ಸಾಲು. ಯಾರ ಹತ್ತಿರವಾದರೂ ಕೂತು ಮಾತಾಡಬೇಕು ಅನಿಸುತ್ತೆ, ಆದರೆ ಈಎಸ್‌ಐ, ಅದೇ ಸಂಬಳದಲ್ಲಿ ಹಿಡಿಯೋ ಕಾರ್ಮಿಕರ ವಿಮೆ, ಆ ಕಾರ್ಡಿನಲ್ಲಿ ತೋರಿಸಿಕೊಂಡರೆ ಹೆಸರು ದಾಖಲಾಗುತ್ತೆ, ಫ್ಯಾಕ್ಟರಿಗೆ ಗೊತ್ತಾಗುತ್ತೆ, ಆಮೇಲೆ ಜೀವನಪೂರ್ತಿ ನಾನು ಹುಚ್ಚಿ ಅಂತ. ಕೊನೆಯ ಪದ ಒಂದು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೀಯ. ಅದನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ.

ಈ ಮಾತು ನಾನು ಮುಂಚೆ ಕೇಳಿದ್ದೇನೆ. ಕೇಳಿದ್ದು ಅಂದರೆ, ನಾನೇ ಆಡಿದ್ದು.

ನಿನ್ನ ಮಾವನ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದನ್ನು ಮತ್ತೆ ಬರೆಯೋಕೆ ಕೈ ಬರಲ್ಲ. ಆದರೆ ಒಂದು ಮಾತು ಯಾರಿಗೂ ಹೇಳಿಲ್ಲ. ಅವನೂ ಮಿಲ್ಲಿನಲ್ಲಿ ಇದ್ದ ಅಲ್ವಾ, ಅವನಿಗೂ ಈಎಸ್‌ಐ ಇತ್ತು. 1987ರಲ್ಲಿ, ರಾತ್ರಿಯೆಲ್ಲಾ ಎದ್ದು ಕೂರೋದು ಶುರುವಾದಾಗ ನಾನೇ ಡಿಸ್ಪೆನ್ಸರಿಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಒಳ್ಳೆಯವರು, ಅರ್ಧ ಗಂಟೆ ಕೇಳಿಸಿಕೊಂಡು ಮನೋವೈದ್ಯರಿಗೆ ತೋರಿಸಿ ಅಂತ ಚೀಟಿ ಬರೆದುಕೊಟ್ಟರು. ಆ ಚೀಟಿಯನ್ನು ಬಸ್ ಸ್ಟ್ಯಾಂಡಿನಲ್ಲಿ ನಾನು ಹರಿದುಹಾಕಿದೆ. ಆಗ ಅವನಿಗೆ ಹೆಣ್ಣು ನೋಡುತ್ತಿದ್ದೆವು. ಚೀಟಿ ಯಾರ ಕೈಗಾದರೂ ಸಿಕ್ಕರೆ, ಹೆಸರು ಎಲ್ಲಾದರೂ ದಾಖಲಾದರೆ ಅಂತ, ನಿನ್ನ ಹೆದರಿಕೆಯೇ, ಒಂದಕ್ಷರ ಬದಲಾಗಿಲ್ಲ. ಊರಿಗೆ ಹೋಗಿ ಎಂಟು ದಿನ ಇದ್ದು ಬಾ, ಸರಿಹೋಗುತ್ತೆ ಅಂದೆ. ಅವನು ಹೂಂ ಅಂದ. ಯಾರಿಗೆ ಗೊತ್ತಾಗಬಾರದು ಅಂತ ಹರಿದೆನೋ ಆ ಹೆಣ್ಣಿನ ಮನೆಯವರು ಬೇರೆ ಯಾವುದೋ ಕಾರಣಕ್ಕೆ ಹೇಗೂ ಬೇಡ ಅಂದರು.

ನಿನ್ನನ್ನು ಹೆದರಿಸೋಕೆ ಇದನ್ನು ಬರೆದಿಲ್ಲ. ನಿನ್ನದು ಅವನಷ್ಟು ದೂರ ಹೋಗಿಲ್ಲ, ಮಾತಾಡಬೇಕು ಅಂತ ನಿನಗೇ ಅನಿಸಿದೆ, ಅದು ದೊಡ್ಡ ವಿಷಯ.

ಈಗ ಆ ಹೆದರಿಕೆಗೆ ಬರುತ್ತೇನೆ. ನಿನ್ನ ಪತ್ರ ಬಂದ ಮೇಲೆ ಎರಡು ದಿನ ಕೂತು ಓದಿದೆ, ಕೇಳಿದೆ. 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅಂತ ಬಂದಿದೆ, 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಅದರ 23ನೇ ಕಲಂ ಪ್ರಕಾರ ಚಿಕಿತ್ಸೆಯ ವಿಷಯ ಗುಟ್ಟಾಗಿ ಇಡಬೇಕು ಅನ್ನೋದು ರೋಗಿಯ ಹಕ್ಕು. ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಅಂಥ ಕೆಲವು ಸಂದರ್ಭ ಬಿಟ್ಟರೆ ಡಾಕ್ಟರ್ ಯಾರಿಗೂ ಹೇಳೋ ಹಾಗಿಲ್ಲ. ಸೂಪರ್‌ವೈಸರ್ ಫೋನ್ ಮಾಡಿ ಕೇಳಿದರೂ ಹೇಳೋ ಹಾಗಿಲ್ಲ. ನನಗೆ ಜಾಸ್ತಿ ಸಮಾಧಾನ ಕೊಟ್ಟಿದ್ದು 3ನೇ ಕಲಂ. ಒಬ್ಬರಿಗೆ ಮಾನಸಿಕ ಕಾಯಿಲೆ ಇದೆ ಅಂತ ಗೊತ್ತಾದ ಮಾತ್ರಕ್ಕೆ ಅವರ ಬುದ್ಧಿ ಸ್ಥಿಮಿತದಲ್ಲಿ ಇಲ್ಲ ಅಂತ ಅರ್ಥ ಅಲ್ಲ, ಹಾಗೆ ಹೇಳಬೇಕಾದರೆ ಕೋರ್ಟೇ ಹೇಳಬೇಕು ಅಂತ ಅದರಲ್ಲಿದೆ. ಹಿಂದೆ ಯಾವಾಗಲೋ ಚಿಕಿತ್ಸೆ ತಗೊಂಡಿದ್ದೀರಿ ಅಂತ ಅದೊಂದನ್ನೇ ಹಿಡಿದು ಇವತ್ತೂ ಕಾಯಿಲೆ ಇದೆ ಅಂತ ತೀರ್ಮಾನ ಮಾಡುವ ಹಾಗೂ ಇಲ್ಲ. ಅಂದರೆ ನೀನು ಹೊಡೆದು ಮತ್ತೆ ಬರೆದ ಆ ಪದವನ್ನು ಯಾವ ಡಾಕ್ಟರೂ ನಿನ್ನ ಮೇಲೆ ಬರೆಯೋಕೆ ಆಗಲ್ಲ ಕಣೇ.

ಕಾನೂನು ಇದ್ದರೆ ಜನರ ಬಾಯಿ ಮುಚ್ಚುತ್ತಾ ಅಂತ ಕೇಳುತ್ತೀಯ. ಮುಚ್ಚಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಜನ ಮಾತಾಡೋದು ಬೇರೆ, ದಾಖಲೆ ಫ್ಯಾಕ್ಟರಿಗೆ ಹೋಗೋದು ಬೇರೆ. ನೀನು ಎರಡನ್ನೂ ಒಂದೇ ಗಂಟು ಕಟ್ಟಿಕೊಂಡಿದ್ದೀಯ.

ಇನ್ನೊಂದು. ಈ ಈಎಸ್‌ಐ ಯಾರೋ ಕೊಟ್ಟ ದಾನ ಅಲ್ಲ. ನಿನ್ನ ಸಂಬಳ 16,000 ಅಂದೆಯಲ್ಲ, ಅದರಲ್ಲಿ ಶೇಕಡಾ 0.75, ಅಂದರೆ ತಿಂಗಳಿಗೆ 120 ರೂಪಾಯಿ ನೀನು ಕಟ್ಟುತ್ತಿದ್ದೀಯ. ಮಾಲೀಕರು ಶೇಕಡಾ 3.25, ಅಂದರೆ 520 ಕಟ್ಟುತ್ತಾರೆ. ಜ್ವರಕ್ಕೆ ಎಷ್ಟು ಹಕ್ಕಿದೆಯೋ ಮನಸ್ಸಿಗೂ ಅಷ್ಟೇ ಹಕ್ಕಿದೆ. ಪ್ರೈವೇಟಲ್ಲಿ ಒಂದು ಸಲ ಮಾತಾಡೋಕೆ ಕೇಳಿದ ದುಡ್ಡು ನಿನ್ನ ಎರಡು ದಿನದ ಕೂಲಿ ಅಂದೆ. ಒಂದು ಸಲಕ್ಕೆ ಮುಗಿಯೋ ವಿಷಯ ಅಲ್ಲ ಇದು, ಹಾಗಾಗಿ ಆ ದಾರಿ ಹಿಡಿದರೆ ಮಧ್ಯದಲ್ಲೇ ಬಿಡುತ್ತೀಯ ಅಂತ ನನಗೆ ಚಿಂತೆ.

ಹೇಗೆ ಹೋಗೋದು ಅಂತ ನನಗೆ ತಿಳಿದಷ್ಟು ಹೇಳುತ್ತೇನೆ, ಬುದ್ಧಿ ಹೇಳೋಕೆ ನಾನ್ಯಾರು ಅಂತಲೂ ಅನಿಸುತ್ತೆ. ಮೊದಲು ನಿನ್ನ ಡಿಸ್ಪೆನ್ಸರಿ. ಕಾರ್ಡು, ಆಧಾರ್ ಇಟ್ಟುಕೊಂಡು ಹೋಗು. ಸುಮ್ನೆ ತಲೆನೋವು ಅಂತ ಹೇಳಿಬಿಡಬೇಡ, ಹಾಗೆ ಹೇಳಿದರೆ ತಲೆನೋವಿಗೇ ಮಾತ್ರೆ ಕೊಟ್ಟು ಕಳಿಸುತ್ತಾರೆ. ನಿದ್ದೆ ಇಲ್ಲ, ಕಾರಣ ಇಲ್ಲದೆ ಅಳು ಬರುತ್ತೆ, ಇಷ್ಟು ತಿಂಗಳಿಂದ ಹೀಗಿದೆ, ಮನೋವೈದ್ಯರಿಗೆ ಬರೆದುಕೊಡಿ ಅಂತ ಬಾಯಿ ಬಿಟ್ಟು ಕೇಳು. ಪೀಣ್ಯದಿಂದ ರಾಜಾಜಿನಗರದ ಈಎಸ್‌ಐ ಆಸ್ಪತ್ರೆ ನಿನಗೆ ದೂರ ಅಲ್ಲ. ಅಲ್ಲಿ ಮನೋವೈದ್ಯರು ನೋಡಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಬೇಕು, ಇದನ್ನು ಮರೀಬೇಡ: ಮಾತ್ರೆ ಜೊತೆ ಕೂತು ಮಾತಾಡೋ ಕೌನ್ಸೆಲಿಂಗ್ ಯಾರು ಕೊಡುತ್ತಾರೆ, ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ ಅಂತ. ಇಬ್ಬರ ಕೆಲಸ ಬೇರೆ ಬೇರೆ. ಮಾತ್ರೆ ಬರೆಯೋರು ಮನೋವೈದ್ಯರು, ವಾರ ವಾರ ಕೂರಿಸಿ ಮಾತಾಡಿಸೋರು ಸಾಮಾನ್ಯವಾಗಿ ಸೈಕಾಲಜಿಸ್ಟ್. ನನಗೆ ಇದು ಗೊತ್ತಾಗಿದ್ದೇ ಮೊನ್ನೆ.

ರಜೆ ಬೇಕಾದರೆ ಮಾತ್ರ ಸ್ವಲ್ಪ ಹುಷಾರು. ಸರ್ಟಿಫಿಕೇಟಿನಲ್ಲಿ ಏನು ಬರೆಯುತ್ತಾರೆ, ಅದು ಯಾರ ಕೈಗೆ ಹೋಗುತ್ತೆ ಅಂತ ಡಾಕ್ಟರ್ ಹತ್ತಿರ ಮುಂಚೆನೇ ಕೇಳಿಕೋ. ಕೇಳಿದರೆ ತಪ್ಪಿಲ್ಲ. ಸಾಧ್ಯವಾದರೆ ವಾರದ ರಜೆ ಬಿದ್ದ ದಿನವೇ ಹೋಗೋ ಹಾಗೆ ಶಿಫ್ಟ್ ಬದಲಾಯಿಸಿಕೋ.

ಅಮ್ಮ ಆಯುಷ್ಮಾನ್ ಕಾರ್ಡಿನಲ್ಲಿ ಆಗಲ್ವಾ ಅಂದಳಂತೆ. ಅದು ಆಸ್ಪತ್ರೆಯಲ್ಲಿ ಮಲಗಿದರೆ ಬರೋದು. ಹೋಗಿ ಮಾತಾಡಿ ವಾಪಸ್ ಬರೋದಕ್ಕೆ ಅದನ್ನು ನಂಬಿಕೊಳ್ಳಬೇಡ.

ಕಾರ್ಡೇ ಬೇಡ, ಹೆಸರೇ ಬೇಡ ಅಂತ ಅನಿಸೋ ರಾತ್ರಿ ಇರುತ್ತೆ, ನನಗೆ ಗೊತ್ತು. ಅವತ್ತು 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, 2022ರಲ್ಲಿ ಶುರುವಾಗಿದ್ದು. ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದಲ್ಲಿ ಎಲ್ಲಿಗೆ ಹೋಗಬೇಕು ಅಂತಲೂ ಅವರನ್ನೇ ಕೇಳಬಹುದು. ಸಾಯಬೇಕು ಅನ್ನೋ ಯೋಚನೆ ಒಂದು ಕ್ಷಣ ಬಂದರೂ ಅವರಿಗೆ ಮಾಡು, ನನಗೆ ಮಾಡು, ಇಲ್ಲಾ ನೇರ ನಿಮ್ಹಾನ್ಸಿಗೆ ಹೋಗು, ಅಲ್ಲಿ ತುರ್ತು ಚಿಕಿತ್ಸೆ ಹಗಲೂ ರಾತ್ರಿ ತೆರೆದಿರುತ್ತೆ. ಬರೆಯೋಕೆ ಕಷ್ಟ ಆಯಿತು, ಆದರೂ ಬರೆದೆ. ಇಂಥ ಯೋಚನೆ ಬರುತ್ತಾ ಅಂತ ನಿನ್ನ ಮಾವನನ್ನು ನಾನು ಕೇಳಲೇ ಇಲ್ಲ.

ಊರಿಗೆ ಬಂದಾಗ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತೆ. ಮನೋಚೈತನ್ಯ ಅಂತ, ಮಂಗಳವಾರ ಮನೋವೈದ್ಯರು ಬಂದು ನೋಡುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಒಂದಿದೆಯಲ್ಲ, ಅದನ್ನು ಮೊದಲು ಪ್ರಯೋಗ ಮಾಡಿದ್ದೇ ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸಿನವರು, ಎಂಬತ್ತರ ದಶಕದಲ್ಲಿ. ಆಮೇಲೆ 1996ರಲ್ಲಿ ಬೇರೆ ರಾಜ್ಯಗಳಿಗೂ ಹೋಯಿತು. ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟೆ. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತು ಚೀಟಿ ಹರಿಯುತ್ತಿದ್ದ ಹೊತ್ತಿಗೆ ಅಲ್ಲಿ ಹಳ್ಳಿ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಇಂಥದ್ದಕ್ಕೇ ಮಾತ್ರೆ ಕೊಡುತ್ತಿದ್ದರು.

ಈ ಮಂಗಳವಾರ ನಾನೇ ಹೋಗಿ ವಿಚಾರಿಸಿ ಬಂದೆ. ಬಾಗಿಲ ಮುಂದೆ ಬೆಂಚಿನ ಮೇಲೆ ಕೂತೆ. ಮೊದಲು ಸೆರಗು ತಲೆ ಮೇಲೆ ಎಳೆದುಕೊಂಡೆ, ಆಮೇಲೆ ಯಾಕೋ ನಾಚಿಕೆ ಆಗಿ ತೆಗೆದೆ. ಹನ್ನೆರಡು ಹದಿಮೂರು ಜನ ಇದ್ದರು. ಮಗು ಎತ್ತಿಕೊಂಡ ಹುಡುಗಿ, ಒಬ್ಬ ಡ್ರೈವರ್, ಕಾಲೇಜಿನ ಹುಡುಗ. ನಮ್ಮ ಬೀದಿಯವರೊಬ್ಬರೂ ಇದ್ದರು, ನಿನಗೂ ಚೆನ್ನಾಗಿ ಗೊತ್ತಿರೋರೇ. ನನ್ನನ್ನು ನೋಡಿ ಊಟ ಆಯ್ತಾ ಅಂದರು, ಆಯ್ತು ಅಂದೆ. ಯಾರು ಅಂತ ನಿನಗೆ ಹೇಳಲ್ಲ. ಅವರೂ ನನ್ನ ವಿಷಯ ಯಾರಿಗೂ ಹೇಳಿಲ್ಲ, ಇವತ್ತಿಗೆ ಐದು ದಿನ ಆಯಿತು.

ನಿನ್ನ ವಾರದ ರಜೆ ಯಾವತ್ತು ಅಂತ ಬರೆ. ಹಿಂದಿನ ದಿನ ರಾತ್ರಿ ಬಸ್ಸಿಗೆ ಬರುತ್ತೇನೆ, ಡಿಸ್ಪೆನ್ಸರಿಗೆ ಇಬ್ಬರೂ ಹೋಗೋಣ. ಒಳಗೆ ನೀನೊಬ್ಬಳೇ ಹೋಗು, ನಾನು ಹೊರಗೆ ಕೂತಿರುತ್ತೇನೆ. ಚೀಟಿ ಕೊಟ್ಟರೆ ಅದು ನಿನ್ನ ಬ್ಯಾಗಿನಲ್ಲೇ ಇರಲಿ, ನನ್ನ ಕೈಗೆ ಕೊಡಬೇಡ.

ನಿನ್ನ ದೊಡ್ಡಮ್ಮ