ದೋಣಿ ಕೊಂಡ ಸುದ್ದಿ

ಟೊಬರ್ಮರಿ, ಮಲ್ ದ್ವೀಪ, ಸ್ಕಾಟ್ಲೆಂಡ್
ಜುಲೈ ಕೊನೆಯ ವಾರ

ತೀರ್ಥರೂಪು ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯಿರಿ.

ವಾರಕ್ಕೆರಡು ಸಲ ಫೋನು ಮಾಡುವವನು ಕಾಗದ ಯಾಕೆ ಬರೆದ ಎಂದು ನಿಮಗೆ ಆಗಲೇ ಅನುಮಾನ ಬಂದಿರುತ್ತದೆ. ಬರಬೇಕಾದದ್ದೇ. ಕಳೆದ ವರ್ಷ ‘ಪರಿಚಯದವರೊಬ್ಬರ ಜೊತೆ ಪಾಲಿನಲ್ಲಿ ಹಳೆಯ ಗಾಡಿ ಕೊಂಡೆ’ ಎಂದಿದ್ದೆನಲ್ಲ, ಅದು ಗಾಡಿಯಲ್ಲ, ಹಾಯಿದೋಣಿ. ಇಪ್ಪತ್ತಾರು ಅಡಿ ಉದ್ದ, ವಯಸ್ಸಿನಲ್ಲಿ ನನಗಿಂತ ಹಿರಿಯದು. ಮೂರು ವಾರದಿಂದ ಅದರಲ್ಲೇ ನನ್ನ ಊಟ, ನಿದ್ದೆ ಎಲ್ಲ. ‘ಸಮುದ್ರದ ಸಹವಾಸ ನನ್ನ ತಲೆಗೇ ಮುಗಿಯಲಿ’ ಎಂದು ಅಜ್ಜ ನಿಮ್ಮನ್ನು ಬ್ಯಾಂಕಿಗೆ ಸೇರಿಸಿದ್ದು ನನಗೆ ಗೊತ್ತು. ಗಂಗೊಳ್ಳಿಯಿಂದ ಕುಂದಾಪುರಕ್ಕೆ ಹೊಳೆ ದಾಟುವಾಗಲೂ ನೀವು ನನ್ನ ಅಂಗಿಯ ಕಾಲರನ್ನು ಬಿಗಿಯಾಗಿ ಹಿಡಿದಿರುತ್ತಿದ್ದುದೂ ನೆನಪಿದೆ. ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ.

ಅಮ್ಮನ ಕಣ್ಣಿನ ಆಪರೇಷನ್ ಆದಮೇಲೆ ಕಾಗದವನ್ನು ನೀವೇ ಓದಿ ಹೇಳುತ್ತೀರಿ ಎಂಬ ಧೈರ್ಯದ ಮೇಲೆ ಮುಂದಿನದನ್ನು ಬರೆಯುತ್ತಿದ್ದೇನೆ. ಯಾವುದನ್ನು ಬಿಡಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ. ಉದಾಹರಣೆಗೆ, ಈ ದೇಶದಲ್ಲಿ ಸ್ವಂತಕ್ಕೆ ದೋಣಿ ನಡೆಸಲು ಪರವಾನಗಿ ಕಡ್ಡಾಯವಲ್ಲ ಎಂಬುದನ್ನು ಬಿಡಿ. ನಾನು ಎರಡು ಚಳಿಗಾಲ ಸಂಜೆ ಪಾಠಕ್ಕೆ ಹೋಗಿ ದೋಣಿ ನಡೆಸುವವರಿಗೆ ಕೊಡುವ ‘ಡೇ ಸ್ಕಿಪ್ಪರ್’ ಪ್ರಮಾಣಪತ್ರ ಪಡೆದಿದ್ದೇನೆ ಎಂಬುದನ್ನು ಎರಡು ಸಲ ಓದಿ.

ಪಾಲುದಾರರು ನಿವೃತ್ತ ಅಂಚೆಯವರು, ಎಪ್ಪತ್ತರ ಹತ್ತಿರದವರು. ಮಾತು ಕಡಿಮೆ. ಗ್ಲಾಸ್ಗೋಗೆ ಹತ್ತಿರದ ಲಾರ್ಗ್ಸ್‌ನಿಂದ ಹೊರಟು ಕ್ರಿನನ್ ಕಾಲುವೆಯಲ್ಲಿ ಹಾದುಬಂದೆವು. 1801ರಲ್ಲಿ ತೆರೆದ ಕಾಲುವೆ. ಹದಿನಾಲ್ಕೂವರೆ ಕಿಲೋಮೀಟರಿಗೆ ಹದಿನೈದು ಜಲದ್ವಾರಗಳು, ಅಂದರೆ ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ಕಟ್ಟೆಗಳು. ಹೆಚ್ಚಿನವುಗಳ ಬಾಗಿಲನ್ನು ದೋಣಿಯವರೇ ಬೆನ್ನು ಕೊಟ್ಟು ತಳ್ಳಬೇಕು. ಕಚೇರಿಯ ಕುರ್ಚಿಯಲ್ಲಿ ಕುಳಿತೇ ಬೆಳೆದ ಬೆನ್ನು ಎರಡು ದಿನ ನನ್ನನ್ನು ಬೈಯಿತು.

ಕಾಲುವೆ ಮುಗಿದು ತುಸು ಮುಂದೆ ಸಮುದ್ರದ ಇಕ್ಕಟ್ಟಾದ ಸಂದಿಯೊಂದಿದೆ. ಇಲ್ಲಿಯ ಹಳೆಯ ಭಾಷೆ ಗೇಲಿಕ್‌ನಲ್ಲಿ ಅದರ ಹೆಸರು ‘ಡೋರಸ್ ಮೋರ್’, ಅಂದರೆ ದೊಡ್ಡ ಬಾಗಿಲು. ನಮ್ಮಲ್ಲಿ ಅಳಿವೆಬಾಗಿಲು ಎನ್ನುವುದಿಲ್ಲವೇ, ಹಾಗೆಯೇ. ನಮ್ಮ ಕಡೆ ಉಬ್ಬರಕ್ಕೂ ಇಳಿತಕ್ಕೂ ನೀರಿನ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನಕ್ಕೆ ಅದರ ಇಮ್ಮಡಿ. ಅಷ್ಟು ನೀರು ದ್ವೀಪಗಳ ಸಂದಿಯಲ್ಲಿ ನುಗ್ಗಿ ಹೋಗಬೇಕೆಂದರೆ ಸಮುದ್ರ ಹೊಳೆಯಂತೆ ಹರಿಯುತ್ತದೆ. ಯಾವ ಗಂಟೆಗೆ ಯಾವ ಕಡೆಗೆ ಎಷ್ಟು ವೇಗ ಎಂದು ತಿಳಿಸುವ ದಪ್ಪ ಪುಸ್ತಕ ಪ್ರತಿ ವರ್ಷ ಬರುತ್ತದೆ. ಅಂಚೆಯವರು ಅದನ್ನು ದೇವರ ಹತ್ತಿರದ ಪಂಚಾಂಗದಷ್ಟೇ ಭಕ್ತಿಯಿಂದ ತೆರೆಯುತ್ತಾರೆ. ಪಶ್ಚಿಮಕ್ಕೆ ಜೂರಾ, ಸ್ಕಾರ್ಬಾ ದ್ವೀಪಗಳ ನಡುವೆ ಕೊರಿವ್ರೆಕನ್ ಎಂಬ ಸುಳಿ ಇದೆ. ತಳದಿಂದ ಎದ್ದ ಕಲ್ಲಿನ ಕೋಡಿಗೆ ಪ್ರವಾಹ ಬಡಿದು ಹುಟ್ಟುವ ಸುಳಿ. ನಾವು ಅತ್ತ ತಲೆಹಾಕಿಲ್ಲ. ಇದೂ ಬಿಡುವ ಭಾಗ.

ನಾವು ಹೋಗಬೇಕಾದದ್ದು ಉತ್ತರಕ್ಕೆ, ಲಿಂಗ್ ಜಲಸಂಧಿಯಲ್ಲಿ. ಬರೆಯುವುದು ಲುಯಿಂಗ್, ಹೇಳುವುದು ಲಿಂಗ್. ಉಬ್ಬರದ ನೀರು ಉತ್ತರಕ್ಕೆ ಹರಿಯುವಾಗ ಅದರ ಬೆನ್ನೇರಿದರೆ ದಾರಿ ಅರ್ಧ ಹೊತ್ತಿನಲ್ಲಿ ಸಾಗುತ್ತದೆ. ಆ ಬೆಳಿಗ್ಗೆಯೇ ನನಗೆ ನೀರುದೋಸೆ ಮಾಡುವ ಹುಚ್ಚು ಹತ್ತಬೇಕೇ! ದೋಣಿಯ ಒಲೆ ತೊಟ್ಟಿಲಿನಂತೆ ತೂಗುತ್ತದೆ. ಕಾವಲಿಯ ಮೇಲೆ ಹಿಟ್ಟು ಒಂದು ಕಡೆಗೇ ಜಾರುತ್ತದೆ. ಎಂಟು ದೋಸೆ ಆಗುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು. ಅಂಚೆಯವರು ಐದು ತಿಂದರು, ಗಡಿಯಾರ ನೋಡಿದರು, ಏನೂ ಹೇಳಲಿಲ್ಲ.

ಜಲಸಂಧಿಯ ಉತ್ತರ ತುದಿಯಲ್ಲಿ ಫ್ಲಾಡ್ಡಾ ಎಂಬ ಚೂರು ದ್ವೀಪದ ಮೇಲೆ ಬಿಳಿಯ ದೀಪಸ್ತಂಭವಿದೆ. ಅದು ಎದುರಿಗೆ ಕಾಣುತ್ತಿದ್ದಾಗಲೇ ನೀರು ತಿರುಗಿತು. ನಮ್ಮ ಇಂಜಿನ್ ಕೊಡುವ ವೇಗ ಐದು ನಾಟ್, ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರ್ ಚಿಲ್ಲರೆ. ಪ್ರವಾಹ ಅದಕ್ಕಿಂತ ತುಸು ಹೆಚ್ಚು. ಮೂತಿ ನೀರನ್ನು ಸೀಳುತ್ತಿದೆ, ಹಿಂದೆ ನೊರೆಯ ಗೆರೆ ಮೂಡುತ್ತಿದೆ, ನೋಡಿದವರಿಗೆ ದೋಣಿ ಓಡುತ್ತಿದೆ. ದೀಪಸ್ತಂಭ ಮಾತ್ರ ಮೆಲ್ಲಗೆ ದೂರವಾಗುತ್ತಿದೆ. ಮುಕ್ಕಾಲು ಗಂಟೆ ಹೀಗೆ ಮುಂದಕ್ಕೆ ಹೋಗುತ್ತಾ ಹಿಂದಕ್ಕೆ ಹೋದೆವು. ಕೊನೆಗೆ ಅವರು ಇಂಜಿನ್ ತಗ್ಗಿಸಿ ಚುಕ್ಕಾಣಿ ತಿರುಗಿಸಿದರು. ಬಂದ ದಾರಿಯಲ್ಲೇ ಇಳಿದು ಲಿಂಗ್ ದ್ವೀಪದ ಮಗ್ಗುಲಲ್ಲಿ ಲಂಗರು ಹಾಕುವುದೆಂದಾಯಿತು.

ಆಳ ತೋರಿಸುವ ವಿದ್ಯುತ್ ಯಂತ್ರಕ್ಕೂ ಅದೇ ಹೊತ್ತಿಗೆ ಮುನಿಸು. ಅಂಚೆಯವರು ಹಲಗೆಯ ಕೆಳಗಿನಿಂದ ಹಗ್ಗ ಕಟ್ಟಿದ ಸೀಸದ ಗುಂಡೊಂದನ್ನು ತೆಗೆದರು. ಅದರ ಬುಡದ ಗುಳಿಗೆ ಬೆಣ್ಣೆಯಂಥ ಗ್ರೀಸ್ ತುಂಬಿ ನೀರಿಗೆ ಬಿಟ್ಟರು. ಹಗ್ಗದ ಗುರುತಿನಿಂದ ಆಳ ತಿಳಿಯಿತು, ನಾಲ್ಕು ಮೀಟರ್. ಮೇಲೆ ಎಳೆದಾಗ ಗ್ರೀಸಿಗೆ ಕಪ್ಪು ಕೆಸರು ಅಂಟಿತ್ತು. ಕೆಸರಾದರೆ ಲಂಗರು ಕಚ್ಚುತ್ತದೆ. ಬರೀ ಕಲ್ಲಾದರೆ ಗ್ರೀಸ್ ಹೋದ ಹಾಗೆಯೇ ಬರುತ್ತದೆ, ಅಲ್ಲಿ ನಿಲ್ಲಬಾರದು.

ಮತ್ತೆ ಆರು ಗಂಟೆ ಕಾಯುವುದು. ನನ್ನ ಬಾಲ್ಯದಲ್ಲಿ ಅಜ್ಜ ಅಳಿವೆಯ ಹತ್ತಿರ ಕಲ್ಲಿನ ಮೇಲೆ ಮಧ್ಯಾಹ್ನವಿಡೀ ಕೂತಿರುತ್ತಿದ್ದರಲ್ಲ, ಹೆಂಚು ಸಾಗಿಸುವ ಮಚ್ವೆಯ (ಹಾಯಿಹಡಗಿನ) ಕೆಲಸ ಬಿಟ್ಟು ಎಷ್ಟೋ ವರ್ಷವಾದ ಮೇಲೂ. ‘ಕೆಲಸವಿಲ್ಲದ ತಾಂಡೇಲ’, ಅಂದರೆ ದೋಣಿಯಿಲ್ಲದ ದೋಣಿಯ ಯಜಮಾನ, ಎಂದು ಊರವರು ನಗುತ್ತಿದ್ದರು. ಊಟಕ್ಕೆ ಕರೆಯಲು ನನ್ನನ್ನು ಕಳಿಸುತ್ತಿದ್ದಿರಿ. ‘ನೀರು ತಿರುಗಲಿ, ಬರುತ್ತೇನೆ’ ಎನ್ನುತ್ತಿದ್ದರು. ಅದು ನೆಪವೆಂದೇ ನಾನು ತಿಳಿದಿದ್ದೆ. ಲಿಂಗ್ ದ್ವೀಪದ ಪಕ್ಕ ಕೂತು ತೇಲುವ ಜೊಂಡಿನ ಬಾಲ ಯಾವ ಕಡೆಗೆ ತಿರುಗುತ್ತದೆಂದು ನೋಡುತ್ತಿದ್ದವನಿಗೆ, ಅವರು ಅಲ್ಲಿ ಏನು ನೋಡುತ್ತಿದ್ದರೆಂದು ಅಂದಾಜಾಯಿತು.

ಉಳಿದದ್ದು ಸುಖದ ಸುದ್ದಿ. ಅಮ್ಮನಿಗೆ ಇದನ್ನು ಓದಿ. ನಾರಿನ ಗಾಳಕ್ಕೆ ಬಂಗುಡೆ ಸಿಗುತ್ತದೆ, ಬೆನ್ನ ಮೇಲೆ ಹುಲಿಯಂಥ ಪಟ್ಟೆ. ಕೊಟ್ಟು ಕಳಿಸಿದ ಮಸಾಲೆ ಪುಡಿ ಮುಗಿಯುತ್ತಾ ಬಂದಿದೆ. ಜಾಕೆಟ್ ಇಲ್ಲದೆ ಮೇಲೆ ಬರುವುದಿಲ್ಲ, ಗಾಳಿ ಜೋರಿದ್ದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿರುತ್ತೇನೆ. ಕರಾವಳಿ ಕಾವಲಿನವರು ದಿನವಿಡೀ ರೇಡಿಯೋದಲ್ಲಿ ಹವಾಮಾನ ಹೇಳುತ್ತಿರುತ್ತಾರೆ. ಶತ್ರುವೆಂದರೆ ನೊರಜು ಒಂದೇ. ಗಾಳಿ ನಿಂತ ಸಂಜೆ ಮೋಡದಂತೆ ಬಂದು ಮುತ್ತುತ್ತದೆ.

ಮೊನ್ನೆ ಸಮುದ್ರ ಶಾಂತವಿದ್ದಾಗ ಸ್ಟಾಫಾ ದ್ವೀಪದ ಬಳಿ ಹೋದೆವು. ಆರು ಮೂಲೆಯ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿವೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ನೋಡಿದ್ದೆವಲ್ಲ, ಅದೇ ಬಗೆ, ಇನ್ನೂ ಎತ್ತರ. ಎರಡೂ ಲಾವಾ ತಣ್ಣಗಾಗುತ್ತಾ ಬಿರಿದದ್ದು. ನಮ್ಮದು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಿಂದಿನದು. ಇಲ್ಲಿಯದು ಅದಕ್ಕಿಂತ ಕಿರಿಯದು. ಅಂಚೆಯವರಿಗೆ ಹೇಳಿದೆ. ಅವರು ನಂಬಲಿಲ್ಲ. ನಮ್ಮ ದ್ವೀಪದ ಒಂದು ಫೋಟೊ ಕಳಿಸಿ.

ನಾಡಿದ್ದು ಬೆಳಗಿನ ಜಾವ ನೀರು ನಮ್ಮ ಕಡೆಗೆ ತಿರುಗುತ್ತದೆ, ವಾಪಸು ಹೊರಡುತ್ತೇವೆ. ದೋಸೆಯಿಲ್ಲ, ಬ್ರೆಡ್ಡು.

ಒಂದು ಕೇಳಬೇಕಿತ್ತು. ನಮ್ಮ ಚಾವಡಿಯ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಡುತ್ತೀರಲ್ಲ, ಆ ಸೀಸದ ಗುಂಡನ್ನು ತಲೆಕೆಳಗು ಮಾಡಿ ನೋಡಿ. ಬುಡದಲ್ಲಿ ಗುಳಿ ಇದೆಯೇ? ಇದ್ದರೆ ತೊಳೆಯಬೇಡಿ, ತೆಗೆದಿಡಿ. ಬಾಗಿಲಿಗೆ ಬೇರೆ ಕಲ್ಲು ಸಿಗುತ್ತದೆ.

ಇಂತಿ ನಿಮ್ಮ ಮಗ