ಹತ್ತಿಕಾಳಿನ ಎಣ್ಣೆ ವಿಡಿಯೊ ಬಗ್ಗೆ

ಎಲ್ಲರಿಗೂ ನಮಸ್ಕಾರ್ರಿ. ‘ಬಿಟಿ ಹತ್ತಿ ಎಣ್ಣಿ ತಿಂದ್ರ ಅದರ ಜೀನ್ ನಮ್ಮ ಮೈಯಾಗ ಸೇರತೈತಿ’ ಅನ್ನೋ ವಿಡಿಯೊ ನಿನ್ನೆಯಿಂದ ನಮ್ಮ ವಿಜಯಪುರ ಗುಂಪಿನ್ಯಾಗ ಮೂರು ಸಲ ಬಂತು. ನಾಕನೇದ್ದು ಬ್ಯಾಡ.

ಬಿಟಿ ಹತ್ತಿ ಅಂದ್ರ ಹುಳ ತಡೀಲಿ ಅಂತ ಒಂದು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ. ನಮ್ಮ ದೇಶದಾಗ ಅದಕ್ಕ 2002ರಾಗ ಒಪ್ಪಿಗೆ ಸಿಕ್ತು. ಬಿಟಿ ಬದನೆಕಾಯಿಯನ್ನು 2010ರಾಗ ತಡೆಹಿಡಿದ್ರು, ಅದಕ್ಕ ಎಣಗಾಯಿ ಬಗ್ಗೆ ಚಿಂತಿ ಬಿಡ್ರಿ. ಮಾತು ಇರೋದು ಎಣ್ಣಿದು. ಜೀನ್ ಅಂದ್ರ ಡಿಎನ್‌ಎದ ಒಂದು ತುಣುಕು. ಡಿಎನ್‌ಎ, ಅದರಿಂದ ಆಗೋ ಪ್ರೋಟೀನ್ ಎರಡೂ ಎಣ್ಣಿಯೊಳಗ ಕರಗೂದಿಲ್ಲ. ಕಾಳು ಹಿಂಡಿದಾಗ ಹೆಚ್ಚಿನ ಪಾಲು ಹಿಂಡಿಯೊಳಗ ಉಳಿತೈತಿ. ಆಮ್ಯಾಲೆ ರಿಫೈನರಿಯೊಳಗ ಕ್ಷಾರ ಹಾಕಿ ತೊಳೀತಾರ, ಬಣ್ಣ ತೆಗೆಯೋ ಮಣ್ಣಿನ್ಯಾಗ ಸೋಸ್ತಾರ, ವಾಸನಿ ಹೋಗಲಿ ಅಂತ 200 ಡಿಗ್ರಿ ಮ್ಯಾಲೆ ಹಬೆ ಹಾಯಿಸ್ತಾರ. ಇಷ್ಟಾದ ಮ್ಯಾಲೆ ಏನರ ಉಳಿದ್ರೂ ಅತಿ ಸಣ್ಣ ಚೂರು. ಸಣ್ಣ ಡಿಎನ್‌ಎ ಚೂರನ್ನೂ ಹುಡುಕೋ ಪಿಸಿಆರ್ ಪರೀಕ್ಷೆಗೂ ಹಿಡಿಯೋದು ಕಷ್ಟ. ಗಾಣದ ಎಣ್ಣಿಗೆ ಈ ಮಾತು ಇಷ್ಟು ಗಟ್ಟಿಯಾಗಿ ಹೇಳಾಕ ಬರೂದಿಲ್ಲ, ಅದನ್ನ ರಿಫೈನ್ ಮಾಡಿರೂದಿಲ್ಲ.

ಬೇಯಿಸಿದ್ರ ಡಿಎನ್‌ಎ ತುಂಡಾಗತೈತಿ, ಹುಳಿ ಸೇರಿದ್ರ ಇನ್ನೂ ಬ್ಯಾಗ. ಹಿಟ್ಟು ಬೀಸಿದ್ರ ಮಾತ್ರ ಬಹಳ ಹಾಳಾಗೂದಿಲ್ಲ. ಮತ್ತ ನಾವು ದಿನಾ ತಿನ್ನೋ ಜೋಳದ ರೊಟ್ಟಿ, ಮೆಂತೆ ಪಲ್ಲೆ ಎಲ್ಲಾದ್ರಾಗೂ ಡಿಎನ್‌ಎ ಐತಿ! ಇಷ್ಟು ವರ್ಷ ತಿಂದ್ರೂ ಯಾರಿಗೂ ತೆನಿ ಮೂಡಿಲ್ಲ.

ಹಿಂಡಿ ತಿನ್ನೋ ಎಮ್ಮಿ ಬಗ್ಗೆ ಕೇಳಿದವರಿಗೆ: ಹಿಂಡಿಯೊಳಗ ಡಿಎನ್‌ಎ ಇರತೈತಿ ಖರೆ, ಆದ್ರ ಎಮ್ಮಿ ಹೊಟ್ಟಿಯೊಳಗ ಅದು ಬಹುಪಾಲು ಜೀರ್ಣ ಆಗಿಬಿಡತೈತಿ.

ಮುಂದ ಇಂಥ ವಿಡಿಯೊ ಬಂದ್ರ ಮೊದಲು ಅಡ್ಮಿನ್‌ಗೆ ಕಳಸ್ರಿ, ಗುಂಪಿಗೆ ಬ್ಯಾಡ.